ದೋಣಿಗಳ ಹೊದಿಕೆ ಹಾಗೂ ಚಪ್ಪರ: ಬಟ್ಟೆ ಮತ್ತು ಜೋಡಣಾ ಸಾಮಗ್ರಿಗಳ ಆಯ್ಕೆ

ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೋಣಿಗಳು ಮಳೆಗಾಲವನ್ನು ದಡದಲ್ಲಿಯೇ ಕಳೆಯುತ್ತವೆ. ಈ ಅವಧಿಗೆ ಹೊದಿಕೆ ಖರೀದಿಸುವ ಮಾಲೀಕರು ಬಟ್ಟೆಯ ದರವನ್ನಷ್ಟೇ ಪರಿಗಣಿಸಬಾರದು. ಬಟ್ಟೆ ಗಟ್ಟಿಯಿದ್ದರೂ ಹೊಲಿಗೆ ಬಿಚ್ಚಿ ಅಥವಾ ಕೊಂಡಿ ತುಕ್ಕು ಹಿಡಿದು ಹೊದಿಕೆ ಹಾರಿಹೋಗುವುದುಂಟು.

ಪಿ.ವಿ.ಸಿ. ಲೇಪಿತ ಪಾಲಿಯೆಸ್ಟರ್ ಬಟ್ಟೆಯು ಮಳೆನೀರನ್ನು ತಡೆಯುತ್ತದೆ. ಆದರೆ ಒಳಗಿನ ತೇವವನ್ನೂ ಹೊರಬಿಡುವುದಿಲ್ಲ. ಗಾಳಿಕಿಂಡಿ ಇರಿಸದಿದ್ದಲ್ಲಿ ಮರದ ಭಾಗಗಳಿಗೆ ಬೂಷ್ಟು ಹಿಡಿಯುವುದು ನಿಶ್ಚಿತ. ನೂಲು ತಯಾರಿಕೆಯ ಹಂತದಲ್ಲಿಯೇ ಬಣ್ಣ ಸೇರಿಸಿದ ಅಕ್ರಿಲಿಕ್ ಬಟ್ಟೆಯಲ್ಲಿ ಗಾಳಿಯಾಡುತ್ತದೆ, ಬಿಸಿಲಿಗೆ ಬೇಗನೆ ಮಾಸುವುದಿಲ್ಲ. ಚಪ್ಪರಕ್ಕೆ ಇದೇ ಮೇಲು, ದರ ಮಾತ್ರ ಹೆಚ್ಚು. ಹತ್ತಿಯ ಕ್ಯಾನ್ವಾಸ್ ತೇವದಲ್ಲಿ ಕೊಳೆಯುತ್ತದೆ. ಹತ್ತಿ ದಾರದ ಹೊಲಿಗೆಯೂ ಅಷ್ಟೇ. ಬಿಸಿಲು ತಾಳುವ ಪಾಲಿಯೆಸ್ಟರ್ ದಾರದಿಂದಲೇ ಹೊಲಿಸತಕ್ಕದ್ದು.

ಕೊಂಡಿ ಮತ್ತು ಸ್ಕ್ರೂಗಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸೂಕ್ತ. ಅದರಲ್ಲಿರುವ ಮಾಲಿಬ್ಡಿನಂ ಕಾರಣದಿಂದ ಅದು ಉಪ್ಪುಗಾಳಿಯನ್ನು 304 ದರ್ಜೆಗಿಂತ ಚೆನ್ನಾಗಿ ತಾಳುತ್ತದೆ. ನೋಟಕ್ಕೆ ಎರಡೂ ಒಂದೇ ಬಗೆಯಾಗಿರುವುದರಿಂದ ದರ್ಜೆಯನ್ನು ಬಿಲ್ಲಿನಲ್ಲಿ ನಮೂದಿಸಿಕೊಳ್ಳತಕ್ಕದ್ದು. ಹಗ್ಗ ಪೋಣಿಸುವ ಅಂಚಿನ ರಿಂಗುಗಳು ಹಿತ್ತಾಳೆಯವಾಗಿರಲಿ.

ಹೊದಿಕೆಯನ್ನು ಇಳಿಜಾರಾಗಿ ಬಿಗಿಯುವುದು ಅತ್ಯವಶ್ಯ. ಒಂದು ಚದರ ಮೀಟರ್ ಜಾಗದಲ್ಲಿ 10 ಸೆಂ.ಮೀ. ನೀರು ನಿಂತರೂ ಹೊದಿಕೆಯ ಮೇಲೆ 100 ಕೆ.ಜಿ. ಭಾರ ಬೀಳುತ್ತದೆ.