ಮುಖ ಓದುವ ಯಂತ್ರ ಮತ್ತು ತೂಕಡಿಸಿದ ಹುಡುಗ

ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚಿಕ್ಕನರಗುಂದದ ನಮ್ಮ ಮನೆಗೂ ಬಂದುಹೋದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಾಗ, "ಸರ, ಕ್ಲಾಸಿನ್ಯಾಗ ಕ್ಯಾಮೆರಾ ಇಟ್ಟು, ಹುಡುಗರ ಮಾರಿ ನೋಡಿ, ಯಾರಿಗೆ ಬ್ಯಾಸರ ಆಗೈತಿ, ಯಾರಿಗೆ ತಿಳಿದಿಲ್ಲ ಅಂತ ಹೇಳೋ ಕಂಪ್ಯೂಟರ್ ಬಂದಾವ್ರಿ. ನಿಮ್ಮ ಕ್ಲಾಸಿನ್ಯಾಗ ಇದ್ದಿದ್ರ ನನ್ನ ಬಗ್ಗೆ ಏನ್ ಬರೀತಿತ್ತೋ!" ಎಂದು ನಕ್ಕ. ನಾನೂ ನಕ್ಕೆ. ಆದರೆ ಆ ರಾತ್ರಿ ನನ್ನ ಕಣ್ಣ ಮುಂದೆ ಬಂದವನು ಬೇರೊಬ್ಬ ಹುಡುಗ.

ಆಗ ನಾನು ಹತ್ತನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದೆ. ಮೂರನೆಯ ಬೆಂಚಿನ ಆ ಹುಡುಗ ಒಂದು ವಾರ ದಿನವೂ ನನ್ನ ಪಾಠದಲ್ಲಿ ತೂಕಡಿಸಿದ. ಆರನೆಯ ದಿನ ಅವನನ್ನು ಎಲ್ಲರೆದುರು ಬೆಂಚಿನ ಮೇಲೆ ನಿಲ್ಲಿಸಿ, ಓದುವ ಮನಸ್ಸಿಲ್ಲದಿದ್ದರೆ ದನ ಕಾಯಲು ಹೋಗೆಂದು ಗದರಿಸಿದೆ. ಅವನು ತುಟಿ ಬಿಚ್ಚಲಿಲ್ಲ. ಶಾಲೆ ಬಿಟ್ಟ ಮೇಲೆ ಅವನ ಗೆಳೆಯ ಬಂದು ಮೆಲ್ಲಗೆ ಹೇಳಿದ: "ಸರ, ಅವರಪ್ಪಗ ಆರಾಮ ಇಲ್ರಿ. ರಾತ್ರಿ ಎರಡಕ್ಕ ತ್ರೀಫೇಸ್ ಕರೆಂಟ್ ಬರತೈತ್ರಿ. ಇವನ ಹೋಗಿ ಗೋಂಜಾಳಕ್ಕ ನೀರು ಹಾಯಿಸಿ ಸಾಲಿಗೆ ಬರತಾನ್ರಿ." ಅವನಿಗೆ ನಿದ್ದೆ ಬಂದಿದೆ ಎಂದು ನಾನು ಓದಿದ್ದು ಸರಿಯಾಗಿಯೇ ಇತ್ತು. ಅದರ ಕಾರಣವನ್ನು ಓದಿದ್ದು ಮಾತ್ರ ಪೂರ್ತಿ ತಪ್ಪಾಗಿತ್ತು. ಭಾವನೆಯನ್ನು ಗುರುತಿಸುವ ಯಂತ್ರಗಳ ಚರಿತ್ರೆಯನ್ನು ಓದುತ್ತ ಹೋದಂತೆ, ಅವೂ ಎಡವಿದ್ದು ಇಲ್ಲಿಯೇ ಎಂಬುದು ನನಗೆ ಮನವರಿಕೆಯಾಯಿತು.

ಮುಖವನ್ನು ಓದುವ ಶಾಸ್ತ್ರ ನಮಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರ ಎಂಟು ಸ್ಥಾಯಿಭಾವ, ಎಂಟು ಸಾತ್ತ್ವಿಕಭಾವ, ಮೂವತ್ತಮೂರು ವ್ಯಭಿಚಾರಿಭಾವಗಳನ್ನು ಎಣಿಸುತ್ತದೆ. ಕನ್ನಡದಲ್ಲಿ 16ನೆಯ ಶತಮಾನದ ಸಾಳ್ವ ಕವಿ 'ರಸರತ್ನಾಕರ'ವೆಂಬ ಗ್ರಂಥವನ್ನೇ ಬರೆದ. ಈ ಪರಂಪರೆಯಲ್ಲಿ ಭಾವದ ಕಾರಣಕ್ಕೆ ವಿಭಾವವೆಂದೂ, ಅದು ಹೊರಗೆ ತೋರುವ ಬಗೆಗೆ ಅನುಭಾವವೆಂದೂ ಹೆಸರು. ಕಣ್ಣೀರೊಂದಕ್ಕೇ ಸಂತೋಷ, ಹೊಗೆ, ಕಾಡಿಗೆ, ಆಕಳಿಕೆ, ಭಯ, ಶೋಕ ಮೊದಲಾದ ಹಲವು ಕಾರಣಗಳನ್ನು ಭರತ ಹೇಳುತ್ತಾನೆ. ನಿದ್ರೆಯೂ ಆ ಮೂವತ್ತಮೂರರಲ್ಲಿ ಒಂದು. ಅದರ ಕಾರಣಗಳ ಪಟ್ಟಿಯಲ್ಲಿ ಶ್ರಮ, ಚಿಂತೆ, ಆಲಸ್ಯ ಮೂರೂ ಇವೆ. ಇದನ್ನೆಲ್ಲ ಓದಿಕೊಂಡಿದ್ದ ಮಾಸ್ತರನಾದ ನಾನು ಆ ದಿನ ವಿಚಾರಿಸದೆ ಆಲಸ್ಯವನ್ನೇ ಆರಿಸಿಕೊಂಡೆ!

ಪಶ್ಚಿಮದಲ್ಲಿ ಈ ವಿಷಯಕ್ಕೆ ವಿಜ್ಞಾನದ ರೂಪ ಕೊಟ್ಟವರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರಮುಖ. ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯ ಕುರಿತ ಆತನ ಗ್ರಂಥ 1872ರಲ್ಲಿ ಪ್ರಕಟವಾಯಿತು. ಅದಕ್ಕಾಗಿ ಆತ ಹಲವು ದೇಶಗಳಿಗೆ ಪ್ರಶ್ನಾವಳಿ ಕಳಿಸಿದ್ದ. ಉತ್ತರಿಸಿದವರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಸ್ಕಾಟ್ ಎಂಬುವರೂ ಇದ್ದರು. ಮುಂದೆ 1978ರಲ್ಲಿ ಅಮೆರಿಕದ ಪಾಲ್ ಎಕ್‌ಮನ್ ಮತ್ತು ವಾಲೇಸ್ ಫ್ರೀಸನ್ ಮುಖದ ಸ್ನಾಯುಗಳ ಒಂದೊಂದು ಚಲನೆಗೂ ಒಂದೊಂದು ಸಂಖ್ಯೆ ಕೊಟ್ಟು ಕ್ರಮಬದ್ಧ ಪದ್ಧತಿಯೊಂದನ್ನು ರೂಪಿಸಿದರು. ಹುಬ್ಬು ಗಂಟಿಕ್ಕುವುದು, ತುಟಿಯ ಕೊನೆ ಮೇಲೇಳುವುದು ಹೀಗೆ ಲೆಕ್ಕಕ್ಕೆ ಸಿಕ್ಕವು. ಲೆಕ್ಕಕ್ಕೆ ಸಿಕ್ಕದ್ದು ಗಣಕಯಂತ್ರಕ್ಕೆ ಸಿಗಲು ಬಹಳ ಕಾಲ ಹಿಡಿಯಲಿಲ್ಲ.

ಇತ್ತ ಶಿಕ್ಷಣದಲ್ಲಿ ಯಂತ್ರದ ಕಥೆ ಬೇರೆಯಾಗಿಯೇ ನಡೆದಿತ್ತು. ಬಿ.ಎಡ್. ಓದಿದ ನನ್ನ ವಿದ್ಯಾರ್ಥಿಗಳಿಗೆ ಬಿ.ಎಫ್. ಸ್ಕಿನ್ನರ್ ಹೆಸರು ಗೊತ್ತಿರುತ್ತದೆ. 1953ರಲ್ಲಿ ತನ್ನ ಮಗಳ ಗಣಿತದ ತರಗತಿಯನ್ನು ನೋಡಿ ಬಂದ ಆತ, ತಾವು ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂಬುದು ಮಕ್ಕಳಿಗೆ ತಕ್ಷಣ ತಿಳಿಯುತ್ತಿಲ್ಲವೆಂದು ಕಂಡು ಬೋಧನಯಂತ್ರವನ್ನು ತಯಾರಿಸಿದ. ಆ ಯಂತ್ರಕ್ಕೆ ಉತ್ತರ ಮಾತ್ರ ಬೇಕಿತ್ತು. ಮಗು ಅಳುತ್ತ ಬರೆಯಿತೋ ನಗುತ್ತ ಬರೆಯಿತೋ ಅದಕ್ಕೆ ತಿಳಿಯುತ್ತಿರಲಿಲ್ಲ. ಈ ಎರಡು ದಾರಿಗಳನ್ನು ಹತ್ತಿರ ತಂದ ಗ್ರಂಥ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ರೊಸಲಿಂಡ್ ಪಿಕಾರ್ಡ್ ಅವರು 1997ರಲ್ಲಿ ಬರೆದ 'ಅಫೆಕ್ಟಿವ್ ಕಂಪ್ಯೂಟಿಂಗ್'. ಮನುಷ್ಯನಿಗೆ ನೆರವಾಗಬೇಕಾದ ಯಂತ್ರ ಅವನ ಭಾವನೆಯನ್ನೂ ಗಮನಿಸಬೇಕೆಂಬುದು ಅವರ ವಾದ.

ಮೆಂಫಿಸ್ ವಿಶ್ವವಿದ್ಯಾಲಯದ 'ಆಟೋಟ್ಯೂಟರ್' ಎಂಬ ಗಣಕಬೋಧಕದೊಡನೆ ಆರ್ಥರ್ ಗ್ರೇಸರ್ ಮತ್ತು ಸಿಡ್ನಿ ಡಿಮೆಲೊ ನಡೆಸಿದ ಪ್ರಯೋಗಗಳು ನನಗೆ ಬಹಳ ಹಿಡಿಸಿದವು. ವಿದ್ಯಾರ್ಥಿಯ ಮುಖ, ಕುರ್ಚಿಯ ಮೇಲೆ ಬೀಳುವ ಮೈಯ ಒತ್ತಡ, ಕೊಟ್ಟ ಉತ್ತರ ಇವುಗಳಿಂದ ಬೇಸರ, ಗೊಂದಲ, ಹತಾಶೆ, ತನ್ಮಯತೆಗಳನ್ನು ಗುರುತಿಸುವ ಯತ್ನ ಅದು. ಇದೇ ಸಂಶೋಧಕರ ಬಳಗದಿಂದ 2014ರಲ್ಲಿ ಬಂದ ಪ್ರಬಂಧವೊಂದು, ಗೊಂದಲ ಸರಿಯಾಗಿ ಬಗೆಹರಿಯುವುದಾದರೆ ಅದರಿಂದ ಕಲಿಕೆಗೆ ಲಾಭವಾಗಬಲ್ಲದೆಂದು ತೋರಿಸಿತು. ಹುಬ್ಬು ಗಂಟಿಕ್ಕಿ ಕುಳಿತ ಹುಡುಗಿ ಕಷ್ಟದಲ್ಲಿರಬಹುದು; ಕಲಿಯುತ್ತಲೂ ಇರಬಹುದು. ಷಟ್ಪದಿಯ ಮಾತ್ರೆ ಎಣಿಸುವಾಗ ನಿಮ್ಮೆಲ್ಲರ ಮುಖ ಹಾಗೆಯೇ ಇರುತ್ತಿತ್ತಲ್ಲವೆ?

ಪ್ರಯೋಗಶಾಲೆಯಲ್ಲಿ ಇಷ್ಟು ಎಚ್ಚರದಿಂದ ನಡೆದದ್ದು ತರಗತಿಗೆ ಬಂದಾಗ ಬೇರೆ ರೂಪ ತಾಳಿತು. 2018ರಲ್ಲಿ ಚೀನಾದ ಹಾಂಗ್‌ಝೌ ನಗರದ ಪ್ರೌಢಶಾಲೆಯೊಂದರಲ್ಲಿ ಕ್ಯಾಮೆರಾಗಳು ಪ್ರತಿ 30 ಸೆಕೆಂಡಿಗೊಮ್ಮೆ ಮಕ್ಕಳ ಮುಖ ನೋಡಿ, ಸಂತೋಷ, ದುಃಖ, ಸಿಟ್ಟು, ಭಯ ಮುಂತಾದ ಏಳು ತಲೆಬರಹಗಳಲ್ಲಿ ಒಂದಕ್ಕೆ ಸೇರಿಸುತ್ತಿದ್ದ ಸುದ್ದಿ ಲೋಕವೆಲ್ಲ ಹರಡಿತು. ಬರೆಯುವುದು, ಓದುವುದು, ಬೆಂಚಿಗೆ ತಲೆಯಾನಿಸುವುದು ಕೂಡ ದಾಖಲಾಗುತ್ತಿದ್ದವು. ನಮ್ಮ ಮೂರನೆಯ ಬೆಂಚಿನ ಹುಡುಗ ಅಲ್ಲಿದ್ದಿದ್ದರೆ ಅವನ ಹೆಸರಿನ ಮುಂದೆ ಏನು ದಾಖಲಾಗುತ್ತಿತ್ತೆಂದು ನೀವೇ ಊಹಿಸಿ.

ಮರುವರ್ಷವೇ ಈ ವಿದ್ಯೆಯ ಬುಡಕ್ಕೆ ಪ್ರಶ್ನೆ ಬಂತು. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಮುಖವೊಂದನ್ನೇ ನೋಡಿ ಭಾವನೆಯನ್ನು ಖಚಿತವಾಗಿ ಹೇಳಲಾಗದೆಂದು 2019ರಲ್ಲಿ ಬರೆದರು. ಸಿಟ್ಟು ಬಂದವರು ಹುಬ್ಬು ಗಂಟಿಕ್ಕುವುದು ಸರಾಸರಿ ಶೇಕಡಾ 30ರಷ್ಟು ಸಂದರ್ಭಗಳಲ್ಲಿ ಮಾತ್ರವಂತೆ. ದೇಶದಿಂದ ದೇಶಕ್ಕೂ ಭೇದವುಂಟು. ಜೊನಾಥನ್ ಹೈಟ್ ಮತ್ತು ಡ್ಯಾಕರ್ ಕೆಲ್ಟ್‌ನರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲಿಗೆ ಕಚ್ಚಿಕೊಳ್ಳುವುದು ನಾಚಿಕೆಯ ಗುರುತೆಂದು ಒಡಿಶಾದ ಜನ ಸುಲಭವಾಗಿ ಹೇಳಿದರು. ಅಮೆರಿಕದವರಿಗೆ ಅದು ಅಷ್ಟಾಗಿ ತಿಳಿಯಲಿಲ್ಲ. ತಪ್ಪು ಉತ್ತರ ಹೇಳಿ ನಾಲಿಗೆ ಕಚ್ಚಿಕೊಳ್ಳುವ ನಮ್ಮೂರ ಮಗುವನ್ನು, ಆ ದೇಶದ ಮುಖಗಳನ್ನು ನೋಡಿ ಕಲಿತ ಯಂತ್ರ ಏನೆಂದು ತಿಳಿದೀತು?

2022ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಮುಖವಿಶ್ಲೇಷಣೆಯ ಸೇವೆಯಿಂದ ಭಾವನೆ ಊಹಿಸುವ ಭಾಗವನ್ನು ಹಿಂತೆಗೆಯುವುದಾಗಿ ಪ್ರಕಟಿಸಿತು. ಐರೋಪ್ಯ ಒಕ್ಕೂಟ 2024ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ, 2025ರ ಫೆಬ್ರುವರಿ 2ರಿಂದ ಅಲ್ಲಿನ ಶಾಲೆಗಳಲ್ಲಿಯೂ ಕೆಲಸದ ಸ್ಥಳಗಳಲ್ಲಿಯೂ ಇಂಥ ಯಂತ್ರಗಳಿಗೆ ನಿಷೇಧವಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಉದ್ದೇಶಗಳಿಗೆ ಮಾತ್ರ ರಿಯಾಯಿತಿ.

ನಮ್ಮಲ್ಲಿ? 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವರ್ತನೆಯ ಮೇಲೆ ಕಣ್ಣಿಡುವುದನ್ನು ನಿಷೇಧಿಸುತ್ತದೆ. ಆದರೆ 2025ರ ನವೆಂಬರಿನಲ್ಲಿ ಹೊರಬಂದ ನಿಯಮಗಳು ಶೈಕ್ಷಣಿಕ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಯ ಸಲುವಾಗಿ ಶಾಲೆಗಳಿಗೆ ವಿನಾಯಿತಿ ಕೊಟ್ಟಿವೆ. ಮುಖ ಗುರುತಿಸಿ ಹಾಜರಿ ಹಾಕುವ ಯೋಜನೆಯನ್ನು ನಮ್ಮ ರಾಜ್ಯ ಸರ್ಕಾರವೂ 2025ರಲ್ಲಿ ಪ್ರಕಟಿಸಿತು. 'ಇವನು ಯಾರು' ಎಂದು ಕೇಳುವುದು ಬೇರೆ, 'ಇವನ ಮನಸ್ಸಿನಲ್ಲಿ ಏನಿದೆ' ಎಂದು ಕೇಳುವುದು ಬೇರೆ. ಆದರೂ ಕ್ಯಾಮೆರಾ ಒಂದೇ. ಮಕ್ಕಳನ್ನು ಶಾಲೆಗೆ ಕಳಿಸುತ್ತಿರುವ ನೀವು, ಅದು ಏನನ್ನು ಬರೆದಿಡುತ್ತದೆ, ಎಷ್ಟು ಕಾಲ ಇಡುತ್ತದೆ ಎಂದು ಕೇಳಲೇಬೇಕು.

ನಾನು ಯಂತ್ರದ್ವೇಷಿಯಲ್ಲ. ಕೊರೊನಾ ಕಾಲದಲ್ಲಿ ಮೊಬೈಲಿನಲ್ಲಿ ಪಾಠ ಹೇಳುವಾಗ ಒಂದು ಮುಖವೂ ಕಾಣದೆ, ಗೋಡೆಗೆ ಪಾಠ ಹೇಳಿದಂತಾಗಿ ಒದ್ದಾಡಿದವನು. ಅರವತ್ತು ಮಕ್ಕಳ ತರಗತಿಯಲ್ಲಿ ಹಿಂದಿನ ಸಾಲು ಮಾಸ್ತರರ ಕಣ್ಣಿಗೆ ಬೀಳುವುದಿಲ್ಲವೆಂಬುದೂ ನಿಜ. 'ಆ ಮಗುವನ್ನೊಮ್ಮೆ ಮಾತಾಡಿಸಿ' ಎಂದಷ್ಟೇ ಹೇಳಿ, ಏನನ್ನೂ ಬರೆದಿಡದೆ ಸುಮ್ಮನಾಗುವ ಯಂತ್ರ ಬಂದರೆ ನಾನು ಸ್ವಾಗತಿಸಿಯೇನು.

ಮರುದಿನ ನಾನು ಆ ಹುಡುಗನನ್ನು ಕರೆದು, ತಪ್ಪಾಯಿತೆಂದು ಹೇಳಿದೆ. "ಇರಲಿ ಬಿಡ್ರಿ ಸರ" ಎಂದು ಅವನು ನೆಲ ನೋಡಿದ. ಅವನ ತಂದೆ ಗುಣವಾಗುವವರೆಗೆ ನನ್ನ ಅವಧಿಯಲ್ಲಿ ಅವನಿಗೆ ಮಲಗಲು ಬಿಟ್ಟು, ಸಂಜೆ ಅರ್ಧ ಗಂಟೆ ಕೂರಿಸಿಕೊಂಡು ಪಾಠ ಹೇಳಿದೆ. ಬೆಂಚಿನ ಮೇಲೆ ನಿಂತಾಗ ಅವನ ಮುಖದಲ್ಲಿದ್ದ ಭಾವ ಯಾವುದೆಂದು ಇಂದಿಗೂ ನನಗೆ ಹೇಳಲು ಬಾರದು.

ನಿಮ್ಮಲ್ಲಿ ಯಾರ ಮುಖವನ್ನಾದರೂ ನಾನು ಹೀಗೆ ತಪ್ಪಾಗಿ ಓದಿದ್ದರೆ, ಸಂಕೋಚಪಡದೆ ಬರೆದು ತಿಳಿಸಿರಿ.