ಬಾಲ ಹಚ್ಚಿದವರು ಯಾರು?

ಯಾದಗಿರಿಯಿಂದ ಶಹಾಪುರಕ್ಕೆ, ಶಹಾಪುರದಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋದರೆ ದಾರಿಯ ಹಳ್ಳಿಗಳಲ್ಲಿ ಒಬ್ಬ ದೇವರು ಮತ್ತೆ ಮತ್ತೆ ಸಿಗುತ್ತಾನೆ. ಹಣಮಪ್ಪ. ಮೈತುಂಬ ಸಿಂಧೂರ ಬಳಿದುಕೊಂಡು, ಬಾಲ ತಲೆಯ ಮೇಲಕ್ಕೆತ್ತಿ ಊರ ಅಗಸಿಯ ಹತ್ತಿರ ನಿಂತಿರುತ್ತಾನೆ. ರಾಮನಿಗೆ ಗುಡಿ ಇಲ್ಲದ ಊರು ಬೇಕಾದಷ್ಟು ಅವ, ಹಣಮಪ್ಪನಿಲ್ಲದ ಊರು ಹುಡುಕಬೇಕು. ಒಡೆಯನಿಗಿಂತ ಬಂಟನೇ ದೊಡ್ಡವನಾದ ನೋಡ್ರಿ ಅಂತ ಹಿರಿಯರು ಹಿಗ್ಗುತ್ತಾರೆ. ಆದರೆ ಆ ಬಂಟನ ಗುಡಿಯ ಕಟ್ಟೆಯನ್ನು ನಮ್ಮ ಕೇರಿಯವರು ಹತ್ತುವಂತಿರಲಿಲ್ಲ. ನಮ್ಮ ಮುತ್ಯಾ ಕಾಯಿ ಒಯ್ದು ಕಟ್ಟೆಯ ಕೆಳಗಿಟ್ಟು ಕೈಮುಗಿದು ಬರುತ್ತಿದ್ದ. ಗುಡಿಯೊಳಗೆ ಮಂಗಗಳು ಆರಾಮವಾಗಿ ಓಡಾಡುತ್ತಿದ್ದವು.

ಶಾಲೆಯಲ್ಲಿ ಸ್ವಾಮಿನಿಷ್ಠೆಯ ಪಾಠ ಬಂದಾಗ ಮಾಸ್ತರ ಬಾಯಲ್ಲಿ ಪ್ರಾಣಿಗಳ ಹಿಂಡೇ ಬರುತ್ತದೆ. ಹನುಮ, ಜಾಂಬವ, ಜಟಾಯು, ಸೇತುವೆಗೆ ಮರಳು ಹೊತ್ತ ಅಳಿಲು, ಧರ್ಮರಾಯನ ಬೆನ್ನುಹತ್ತಿ ಸ್ವರ್ಗದ ಬಾಗಿಲ ತನಕ ಹೋದ ನಾಯಿ. (ಅಳಿಲು ವಾಲ್ಮೀಕಿಯ ಕಾವ್ಯದಲ್ಲಿ ಇಲ್ಲವೇ ಇಲ್ಲ, ಆಮೇಲೆ ಬಂದು ಸೇರಿಕೊಂಡದ್ದು. ಬಡವರ ಮಕ್ಕಳಿಗೆ ಹೇಳಲು ಅದಕ್ಕಿಂತ ಅನುಕೂಲದ ಕಥೆ ಬೇರೊಂದಿಲ್ಲ: ಮರಳು ಹೊರು, ಬೆನ್ನು ಸವರಿಸಿಕೋ, ಕೂಲಿ ಕೇಳಬ್ಯಾಡ.) ಈ ಕಥೆಗಳನ್ನು ಭಕ್ತಿಯಿಂದ ಓದುವವರು ಓದಲಿ. ನಾವು ಇತಿಹಾಸದ ಒಂದು ಪ್ರಶ್ನೆ ಹಿಡಿದು ಓದೋಣ. ಯಾರನ್ನು ಪ್ರಾಣಿ ಎಂದು ಬರೆದರು? ಯಾವ ಗಳಿಗೆಯಲ್ಲಿ ಬರೆದರು? ಬರೆದದ್ದರಿಂದ ಯಾರಿಗೆ ಏನು ಸಿಕ್ಕಿತು?

ಮೊದಲು ಕಿಷ್ಕಿಂಧಾಕಾಂಡ. ಹನುಮ ಮೊಟ್ಟಮೊದಲು ಬಾಯಿಬಿಟ್ಟಾಗ ರಾಮ ಬೆರಗಾಗಿ ಲಕ್ಷ್ಮಣನಿಗೆ ಹೇಳುತ್ತಾನೆ: ಋಗ್ವೇದ, ಯಜುರ್ವೇದ, ಸಾಮವೇದ ಕಲಿಯದವನು ಹೀಗೆ ಮಾತಾಡಲಾರ, ವ್ಯಾಕರಣವನ್ನು ಪೂರ್ತಿ ಓದಿರಬೇಕು, ಇಷ್ಟು ಮಾತಿನಲ್ಲಿ ಒಂದು ಅಪಶಬ್ದವಿಲ್ಲ. ಹಂಗಾದ್ರ ಇವ ಯಾರು? ವ್ಯಾಕರಣ ಓದಿದ ಮಂಗ ಎಲ್ಲಿಯಾದರೂ ಉಂಟೇ? ಕಿಷ್ಕಿಂಧೆಗೆ ಅರಸನಿದ್ದಾನೆ, ಮಂತ್ರಿಗಳಿದ್ದಾರೆ, ಪಟ್ಟಾಭಿಷೇಕವಿದೆ, ಸತ್ತವರಿಗೆ ಸಂಸ್ಕಾರವಿದೆ. ಎಲ್ಲ ಮನುಷ್ಯರದೇ. ಬಾಲವೊಂದು ಹೆಚ್ಚು.

ಆ ಬಾಲ ಎಲ್ಲಿ ಕೆಲಸಕ್ಕೆ ಬರುತ್ತದೆ ನೋಡಿ. ಮರೆಯಲ್ಲಿ ನಿಂತು ಬಿಟ್ಟ ಬಾಣದಿಂದ ನೆಲಕ್ಕೆ ಬಿದ್ದ ವಾಲಿ ಕೇಳುತ್ತಾನೆ: ನನ್ನ ಮಾಂಸ ನೀವು ತಿನ್ನುವಂಥದ್ದಲ್ಲ, ನನ್ನ ತೊಗಲು ನೀವು ಹೊದೆಯುವಂಥದ್ದಲ್ಲ, ನಿನಗೆ ನಾನು ಏನು ಕೇಡು ಮಾಡಿದ್ದೆ? ರಾಮ ಎರಡು ಉತ್ತರ ಕೊಡುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಧರ್ಮ ಮೀರಿದೆ, ಅದಕ್ಕೆ ದಂಡಿಸಿದೆ ಎಂಬುದು ಒಂದು. ಮನುಷ್ಯರು ಬಲೆ ಒಡ್ಡಿ, ಮರೆಯಲ್ಲಿ ನಿಂತು ಮೃಗಗಳನ್ನು ಹೊಡೆಯುತ್ತಾರೆ, ನೀನು ಶಾಖಾಮೃಗ, ಆದ್ದರಿಂದ ತಪ್ಪಿಲ್ಲ ಎಂಬುದು ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಅಪರಾಧ ಹೊರಿಸುವಾಗ ವಾಲಿ ಮನುಷ್ಯ, ಬಾಣ ಬಿಡುವಾಗ ಮೃಗ. ನಮ್ಮ ಕಡೆಯ ಜೀತದಾಳುಗಳಿಗೆ ಈ ನ್ಯಾಯ ಬಿಡಿಸಿ ಹೇಳಬೇಕಾಗಿಲ್ಲ. ಸಾಲದ ಚೀಟಿಗೆ ಹೆಬ್ಬೆಟ್ಟು ಒತ್ತುವಾಗ ಅವರು ಮನುಷ್ಯರು, ಕೂಲಿ ಎಣಿಸುವಾಗ ಎತ್ತುಗಳು.

ಜಟಾಯುವಿನ ಪ್ರಸಂಗ ನನಗೂ ಇಷ್ಟ. ಸೀತೆಗಾಗಿ ರೆಕ್ಕೆ ಕಳೆದುಕೊಂಡು ಸತ್ತ ಹದ್ದಿಗೆ ರಾಮ ತಂದೆಗೆ ಮಾಡುವಂತೆ ಸಂಸ್ಕಾರ ಮಾಡುತ್ತಾನೆ. ಅಲ್ಲಿ ಕವಿಯ ಕರುಳು ಕಾಣುತ್ತದೆ. ಆದರೆ ಅದೇ ರಾಮನ ಕೈಯಲ್ಲಿ ಉತ್ತರಕಾಂಡದ ಶಂಬೂಕನಿಗೆ ಸಿಕ್ಕದ್ದು ಖಡ್ಗ. ಅವನ ತಪ್ಪು ಶೂದ್ರನಾಗಿ ಹುಟ್ಟಿ ತಪಸ್ಸಿಗೆ ಕೂತದ್ದು. ಇನ್ನು ಗುಹ. ನಿಷಾದರ ಅರಸ, ಗಂಗೆಯ ದಂಡೆಯವನು, ರಾಮನ ಪ್ರಾಣಸ್ನೇಹಿತ. ಗೆಳೆಯ ಬಂದನೆಂದು ತರತರದ ಅಡುಗೆ ಮಾಡಿಸಿ ಮುಂದಿಡುತ್ತಾನೆ. ರಾಮ ಅವನನ್ನು ತಬ್ಬಿಕೊಳ್ಳುತ್ತಾನೆ, ಆದರೆ ತಾನು ವನವಾಸದ ವ್ರತದಲ್ಲಿರುವುದರಿಂದ ಊಟ ಬೇಡ, ಕುದುರೆಗಳಿಗೆ ಮೇವು ಕೊಡು ಸಾಕು ಎನ್ನುತ್ತಾನೆ. ವ್ರತದ ಮಾತು ಖರೆಯೇ ಇರಲಿ. ಆದರೂ ಬೇಡನ ಮನೆಯಿಂದ ಅಯೋಧ್ಯೆಯವರು ಇಸಿದುಕೊಂಡದ್ದು ಕುದುರೆಯ ಮೇವು ಒಂದೇ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ಎಷ್ಟು ಗಲಾಟೆಯಾಯಿತು! ಬೂಸಾದ ಲೆಕ್ಕ ಅಷ್ಟು ಹಳೆಯದು.

ಮಹಾಭಾರತಕ್ಕೆ ಬಂದರೆ ಲೆಕ್ಕ ಇನ್ನೂ ಖಾರವಾಗುತ್ತದೆ. ಗರುಡನನ್ನು ನಾವು ವಿಷ್ಣುವಿನ ವಾಹನ, ತಾಯಿಯ ಸೆರೆ ಬಿಡಿಸಿದ ಮಗ ಎಂದು ಬಲ್ಲೆವು. ಅಮೃತ ತರಲು ಹೊರಟಾಗ ಅವನಿಗೆ ಹಸಿವು. ತಾಯಿ ವಿನತೆ ಹೇಳುತ್ತಾಳೆ: ಸಮುದ್ರದ ದಂಡೆಯಲ್ಲಿ ಸಾವಿರಾರು ನಿಷಾದರಿದ್ದಾರೆ, ತಿಂದು ಹೋಗು, ಆದರೆ ಬ್ರಾಹ್ಮಣನನ್ನು ಮಾತ್ರ ತಿನ್ನಬೇಡ. ಗರುಡ ಬಾಯಿ ತೆರೆದು ನಿಲ್ಲುತ್ತಾನೆ, ನಿಷಾದರು ಹಿಂಡುಹಿಂಡಾಗಿ ಒಳಗೆ ಹೋಗುತ್ತಾರೆ. ನಡುವೆ ಗಂಟಲು ಸುಡತೊಡಗುತ್ತದೆ, ಒಳಗೆ ಒಬ್ಬ ಬ್ರಾಹ್ಮಣ ಸಿಕ್ಕಿಬಿದ್ದಿದ್ದಾನೆ. ಅವನನ್ನೂ, ಅವನು ಕೇಳಿಕೊಂಡದ್ದರಿಂದ ಅವನ ನಿಷಾದ ಹೆಂಡತಿಯನ್ನೂ ಉಗುಳುತ್ತಾನೆ. ಉಳಿದವರ ಹೆಸರು ಯಾರೂ ಕೇಳಲಿಲ್ಲ.

ಏಕಲವ್ಯನ ಕಥೆ ಎಲ್ಲರಿಗೂ ಗೊತ್ತು, ಅದರೊಳಗಿನ ನಾಯಿಯನ್ನು ಮರೆಯುತ್ತೇವೆ. ಪಾಂಡವರು ಬೇಟೆಗೆ ತಂದ ನಾಯಿ ಕಾಡಿನಲ್ಲಿ ಏಕಲವ್ಯನನ್ನು ಕಂಡು ಬೊಗಳಿತು. ಅವನು ಅದರ ಬಾಯಿಗೆ ಏಳು ಬಾಣ ತುಂಬಿದ. ನಾಯಿ ಬಾಣ ಕಚ್ಚಿಕೊಂಡೇ ಒಡೆಯರ ಹತ್ತಿರ ಓಡಿಹೋಗಿ ಸಾಕ್ಷಿ ಹೇಳಿತು. ಮುಂದೆ ಹೋದದ್ದು ಬೇಡರ ಹುಡುಗನ ಹೆಬ್ಬೆರಳು.

ಅರಗಿನ ಮನೆಯ ರಾತ್ರಿ ಒಬ್ಬ ನಿಷಾದ ಹೆಂಗಸು ತನ್ನ ಐವರು ಮಕ್ಕಳ ಜೊತೆ ಕುಂತಿಯ ಸಂತರ್ಪಣೆಗೆ ಉಣ್ಣಲು ಬಂದಿದ್ದಳು. ಉಂಡು, ಕುಡಿದು ಅಲ್ಲೇ ಮಲಗಿದರು. ಪಾಂಡವರು ಸುರಂಗದಿಂದ ಹೊರಗೆ ಹೋದರು. ಬೆಳಿಗ್ಗೆ ಬೂದಿಯಲ್ಲಿ ಆರು ಹೆಣ ಸಿಕ್ಕವು, ಲೆಕ್ಕ ಸರಿಹೋಯಿತು. ಈಗ ಮಹಾಪ್ರಸ್ಥಾನಿಕ ಪರ್ವದ ನಾಯಿಯನ್ನು ನೆನೆಯಿರಿ. ನಂಬಿ ಬಂದ ನಾಯಿಯನ್ನು ಬಿಟ್ಟು ನನಗೆ ಸ್ವರ್ಗ ಬೇಡ ಎಂದು ಧರ್ಮರಾಯ ಇಂದ್ರನ ಮುಂದೆ ಹಟ ಹಿಡಿಯುತ್ತಾನೆ. ಎಂಥ ದೊಡ್ಡ ಮಾತು! ಆ ಮಾತು ಓದುವಾಗ ನನಗೆ ಆ ಆರು ಹೆಣಗಳೇ ಕಣ್ಣಿಗೆ ಕಟ್ಟುತ್ತವೆ. 1927ರ ಮಾರ್ಚಿನಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದಾಗ ಇದ್ದದ್ದೂ ಇದೇ ಲೆಕ್ಕ. ದನ ಕುಡಿಯಬಹುದಾದ ನೀರನ್ನು ಮಹಾರರು ಮುಟ್ಟುವಂತಿರಲಿಲ್ಲ. 1931ರಲ್ಲಿ ಗಾಂಧಿಯವರ ಎದುರು ಕೂತು, ನಾಯಿಬೆಕ್ಕಿಗಿಂತ ಕಡೆಯಾಗಿ ನಮ್ಮನ್ನು ಕಾಣುವ ನಾಡನ್ನು ನನ್ನದು ಎಂದು ಹೇಗೆ ಕರೆಯಲಿ ಎಂದು ಅವರು ಕೇಳಿದರು.

ಈ ನಿಷಾದರೇ ನಮ್ಮ ಬೇಡರು ಎಂದು ನಾನು ಹೇಳುವುದಿಲ್ಲ. ವಂಶಾವಳಿ ಕಟ್ಟುವುದು ಭಟ್ಟಂಗಿಗಳ ಕಸುಬು. ನಿಷಾದ ಎಂಬುದು ಕಾಡಿನ, ಹೊಳೆಯ, ಬೇಟೆಯ ಮಂದಿಗೆಲ್ಲ ಹಚ್ಚಿದ ಹಣೆಪಟ್ಟಿ. ಆದರೆ ಸುರಪುರ ಸೀಮೆಯ ಬೇಡನಾಯಕರು ಇಂದು ವಾಲ್ಮೀಕಿ ಎಂಬ ಹೆಸರು ಹೊತ್ತಿದ್ದಾರೆ. 1991ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ನಾಯಕ, ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು ಸೇರಿದವು. ಆ ವಾಲ್ಮೀಕಿಯ ಆದಿಕಾವ್ಯದ ಶ್ಲೋಕ ಹುಟ್ಟಿದ್ದು ಹೇಗೆ? ಒಬ್ಬ ನಿಷಾದ ಕ್ರೌಂಚಪಕ್ಷಿಯನ್ನು ಹೊಡೆದ, ಋಷಿ ಶಾಪ ಕೊಟ್ಟ, ಶಾಪವೇ ಶ್ಲೋಕವಾಯಿತು. ಹಕ್ಕಿಗೆ ಕರುಣೆ, ಬೇಡನಿಗೆ ಶಾಪ. ಶಾಪ ಕೊಟ್ಟವನನ್ನೇ ಶಾಪ ತಿಂದವರ ಮಕ್ಕಳು ಮೂಲಪುರುಷನನ್ನಾಗಿ ಮಾಡಿಕೊಂಡರು. ಇದು ಸೋಲೋ, ಕಾವ್ಯವನ್ನೇ ಕಸಿದುಕೊಂಡ ಗೆಲುವೋ? ನಾನು ಗೆಲುವು ಅಂತೀನಿ.

ಬಂಟತನದ ಬೆಲೆ ಏನೆಂದು ಸುರಪುರದ ಇತಿಹಾಸವೇ ಹೇಳುತ್ತದೆ. ಔರಂಗಜೇಬ ಬಿಜಾಪುರಕ್ಕೆ ಮುತ್ತಿಗೆ ಹಾಕಿದಾಗ ಕೋಟೆಯೊಳಗಿನವರಿಗೆಂದು ತಲೆಯ ಮೇಲೆ ಕಾಳು ಹೊತ್ತು ಹೊರಟದ್ದು ಬೇಡರ ಕಾಲಾಳು ಪಡೆ. 1686ರಲ್ಲಿ ಬಿಜಾಪುರ ಬಿತ್ತು. ಮರುವರ್ಷ ಶಹಾಪುರದ ಪಕ್ಕದ ಸಗರ ಕೋಟೆಯೂ ಮೊಗಲರ ಕೈಸೇರಿ ನುಸ್ರತಾಬಾದ್ ಆಯಿತು. ಆದರೂ ಬೇಡರು ಮಣಿಯಲಿಲ್ಲ. 1705ರಲ್ಲಿ ಮುಪ್ಪಿನ ಬಾದಶಹ ತಾನೇ ವಾಗಣಗೇರಿಗೆ ಬಂದು ಪಿಡ್ಡನಾಯಕನ ಕೋಟೆಯ ಮುಂದೆ ತಿಂಗಳುಗಟ್ಟಲೆ ಕೂತ. ಕೋವಿಯ ಗುರಿಯಲ್ಲಿ ಬೇಡರನ್ನು ಮೀರಿಸುವವರಿರಲಿಲ್ಲ. ಕಡೆಗೆ ಅವರು ಒಂದು ರಾತ್ರಿ ಕೋಟೆಗೆ ಬೆಂಕಿ ಇಟ್ಟು ಜಾರಿಕೊಂಡರು, ಬಾದಶಹನಿಗೆ ಬೂದಿ ಸಿಕ್ಕಿತು. ಅವನ ಜೀವಮಾನದ ಕಡೆಯ ಮುತ್ತಿಗೆ ಅದೇ.

ನೂರೈವತ್ತು ವರ್ಷದ ಮೇಲೆ ಒಡೆಯರು ಬದಲಾಗಿದ್ದರು. 1841ರಲ್ಲಿ ಸುರಪುರಕ್ಕೆ ಬಂದ ಮೆಡೋಸ್ ಟೇಲರ್ 1853ರ ತನಕ ಬಾಲಕ ಅರಸ ವೆಂಕಟಪ್ಪನಾಯಕನ ಹೆಸರಿನಲ್ಲಿ ಆಡಳಿತ ನಡೆಸಿದ. ಹುಡುಗ ಅವನನ್ನು 'ಅಪ್ಪಾ' ಎನ್ನುತ್ತಿದ್ದ. 1877ರಲ್ಲಿ ಅಚ್ಚಾದ ತನ್ನ ಆತ್ಮಕಥೆಯಲ್ಲಿ ಟೇಲರ್ ಅದನ್ನು ಪ್ರೀತಿಯಿಂದಲೇ ಬರೆದಿದ್ದಾನೆ. ಆ ಮಗ 1858ರಲ್ಲಿ ಕಂಪನಿಯ ವಿರುದ್ಧ ಎದ್ದ, ಸೋತ, ಹೈದರಾಬಾದಿನಲ್ಲಿ ಸೆರೆಸಿಕ್ಕ. ಮರಣದಂಡನೆ ಇಳಿದಿಳಿದು ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾಕಿಕೊಂಡ ಎಂದು ಟೇಲರ್ ಬರೆಯುತ್ತಾನೆ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು, ದಂಗೆಯ ಕಾಲದಲ್ಲಿ ತೋರಿದ ನಿಷ್ಠೆಗೆ ಇನಾಮು. ನಿಷ್ಠೆ ತೋರಿದವನು ಹೈದರಾಬಾದಿನವನು, ಇನಾಮಾಗಿ ಹೋದದ್ದು ನಮ್ಮ ಸೀಮೆ. ಈ ಪಾಳೆಯಗಾರಿಕೆ ನಮ್ಮ ಹೊಲಗೇರಿ, ಮಾದಿಗಗೇರಿಗಳಿಗೆ ಅಗಸಿ ತೆರೆಯಲಿಲ್ಲ ಎಂಬ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಾಣ ತಿಂದವನು ಕೆಳಗಿನವನ ಮೇಲೆ ಬಾಣ ಬಿಡುವುದಿಲ್ಲ ಎಂದೇನಿಲ್ಲ.

ಹಂಗಾದ್ರ ಬಾಲ ಇಲ್ಲದ ರಾಮಾಯಣವೇ ಇರಲಿಲ್ಲವೇ? ಇತ್ತು, ಅದೂ ನಮ್ಮ ನೆರೆಯಲ್ಲೇ. 12ನೆಯ ಶತಮಾನದ ಹೊತ್ತಿಗೆ, ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯ ಕಟ್ಟಿಸಿದ ನಾಗಚಂದ್ರ ಕನ್ನಡದಲ್ಲಿ 'ರಾಮಚಂದ್ರಚರಿತಪುರಾಣ' ಬರೆದ. ಅದರಲ್ಲಿ ವಾನರರು ಮಂಗಗಳಲ್ಲ, ವಿದ್ಯಾಧರ ಕುಲದ ಮನುಷ್ಯರು. ಮಂಗ ಇರುವುದು ಅವರ ಬಾವುಟದ ಮೇಲೆ. ಪ್ರಾಕೃತದ ವಿಮಲಸೂರಿಯಿಂದ ಬಂದ ದಾರಿ ಅದು. ಆ ದಾರಿಯ ರಾಮಾಯಣಗಳಲ್ಲಿ ವಾಲಿ ಮರೆಯ ಬಾಣಕ್ಕೆ ಸಾಯುವುದಿಲ್ಲ, ರಾಜ್ಯ ಬಿಟ್ಟು ದೀಕ್ಷೆ ಹಿಡಿಯುತ್ತಾನೆ. ಜೈನ ಕವಿಗಳು ಇದನ್ನು ನಮಗಾಗಿ ಮಾಡಲಿಲ್ಲ, ತಮ್ಮ ಧರ್ಮದ ಸಲುವಾಗಿ ಮಾಡಿದರು. ಆದರೂ ಬಾಲವನ್ನು ಬಿಚ್ಚಿ ಬಾವುಟಕ್ಕೆ ಕಟ್ಟಬಹುದು ಎಂದು ಕನ್ನಡದ ಕವಿಗೆ ಒಂಬೈನೂರು ವರ್ಷದ ಹಿಂದೆ ಗೊತ್ತಿತ್ತು. ಅದೇ ಬಿಜಾಪುರದ ಮಗ್ಗುಲಿನ ತೊರವೆಯಲ್ಲಿ ಕುಮಾರವಾಲ್ಮೀಕಿ ಆಮೇಲೆ ಬರೆದ ತೊರವೆ ರಾಮಾಯಣದಲ್ಲಿ ಬಾಲ ವಾಪಸು ಬಂತು. ಜನರ ಕಿವಿಗೆ ಬಿದ್ದು ಉಳಿದದ್ದು ಇದೇ. ನಾಗಚಂದ್ರ ಕಾಲೇಜಿನ ಪಠ್ಯಪುಸ್ತಕದಲ್ಲಿ ಉಳಿದ.

ಇನ್ನೂ ಹಿಂದಕ್ಕೆ ಹೋದರೆ ಭೀಮೆಯ ದಂಡೆಯ ಸನ್ನತಿ, ಕನಗನಹಳ್ಳಿ. ಶಹಾಪುರದಿಂದ ದೂರವೇನಿಲ್ಲ. ಅಲ್ಲಿ ಅಗೆದಾಗ ಸ್ತೂಪದ ಚಪ್ಪಡಿಗಳು ಸಿಕ್ಕವು. 'ರಾಯೊ ಅಸೋಕೊ' ಎಂದು ಬರೆದ ಅಶೋಕನ ಶಿಲ್ಪವಿದೆ, ಜಾತಕ ಕಥೆಗಳ ಶಿಲ್ಪಗಳಿವೆ. ಜಾತಕದ ಪ್ರಾಣಿಗಳ ಚಾಳಿಯೇ ಬೇರೆ. ಮಹಾಕಪಿ ಜಾತಕದಲ್ಲಿ ಮಂಗಗಳ ಅರಸ ಗಂಗೆಗೆ ಅಡ್ಡಲಾಗಿ ತನ್ನ ಮೈಯನ್ನೇ ಚಾಚಿ, ಬೇಟೆಗಾರರಿಂದ ಉಳಿಸಲು ತನ್ನ ಹಿಂಡನ್ನೆಲ್ಲ ಬೆನ್ನ ಮೇಲೆ ದಾಟಿಸುತ್ತಾನೆ. ಬೆನ್ನು ಮುರಿದು ಸಾಯುತ್ತಾನೆ. ಇಲ್ಲಿ ಮಂಗ ತನ್ನ ಮಂದಿಗಾಗಿ ತಾನೇ ಸೇತುವೆಯಾದ. ಅಲ್ಲಿ ಮಂಗಗಳು ಒಡೆಯನಿಗಾಗಿ ಸೇತುವೆ ಕಟ್ಟಿದವು. ಎರಡೂ ತ್ಯಾಗವೇ. ನಮ್ಮ ಮಾಸ್ತರು ಎರಡನೆಯದನ್ನಷ್ಟೇ ಹೇಳುತ್ತಾರೆ.

ಸಂಕ್ರಾಂತಿಗೆ ಯಾದಗಿರಿ ಹತ್ತಿರದ ಮೈಲಾಪುರಕ್ಕೆ ಹೋಗಿ ನೋಡಿ. ಭಂಡಾರದಿಂದ ಗುಡ್ಡವೇ ಹಳದಿ, ಏಳುಕೋಟಿಯ ಕೂಗು. ಮಣಿ, ಮಲ್ಲ ಎಂಬ ರಾಕ್ಷಸರನ್ನು ಕೊಂದ ಮೈಲಾರನಿಗೆ ನಾಯಿಗಳ ಬೆಂಬಲವಿತ್ತು, ಅವು ರಕ್ತ ನೆಲಕ್ಕೆ ಬೀಳದ ಹಂಗ ನೆಕ್ಕಿದವು ಎಂಬುದು ಕಥೆ. ಮೈಲಾರನ ವಗ್ಗಯ್ಯಗಳು, ಗೊರವಯ್ಯಗಳು ಆ ನಾಯಿಗಳೇ ತಾವು ಎನ್ನುತ್ತಾರೆ. ಬೊಗಳುತ್ತಾರೆ, ಒಬ್ಬರ ಮೇಲೊಬ್ಬರು ಗುರ್ ಎನ್ನುತ್ತಾರೆ, ದೋಣಿಯಲ್ಲಿ ಹಾಕಿದ ಹಾಲುಹಣ್ಣಿಗೆ ಬಾಯಿ ಹಾಕುತ್ತಾರೆ. ಸುಧಾರಕರಿಗೆ ಇದು ನಾಚಿಕೆಗೇಡು. ನನಗೆ ಅಷ್ಟು ಬೇಗ ತೀರ್ಪು ಕೊಡಲು ಆಗುವುದಿಲ್ಲ. ಒಮ್ಮೆ ಒಬ್ಬ ವಗ್ಗಯ್ಯನನ್ನು "ಯಾಕಪಾ ಮುತ್ಯಾ, ನಾಯಿ ಆಗಾಕ ನಾಚಿಕಿ ಬರಂಗಿಲ್ಲೇನು?" ಅಂತ ಕೇಳಿದೆ. "ಮಲ್ಲಯ್ಯನ ಮುಂದ ನಾಯಿ ಆಗ್ತೀನಿ, ಗೌಡನ ಮುಂದ ಅಲ್ಲ" ಅಂದ. ಆಮೇಲೆ ಕರಡಿತೊಗಲಿನ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಬಾಯಿ ಒರೆಸಿಕೊಂಡು, ಬೀಡಿಗೆ ಕಡ್ಡಿ ಕೇಳಿದ.