ಹೆಸರು ಕೇಳುವವರು

ನಾವು ಚಿಕ್ಕವರಿದ್ದಾಗ ತಾಂಬಾದ ಕಟ್ಟೆಯ ಮೇಲೆ ಹರಟೆ ಹೊಡೆಯುವ ಹಿರಿಯರು ಒಂದು ಶಬ್ದ ಬಂದೊಡನೆ ದನಿ ತಗ್ಗಿಸುತ್ತಿದ್ದರು. ಅದು ಬಾನಾಮತಿ. ನಮ್ಮ ಮನೆಯ ಉರ್ದುವಿನಲ್ಲಿ ಜಾದೂ-ಟೋನಾ. ಶಬ್ದ ಎರಡಾದರೂ ಭಯ ಒಂದೇ.

ಕಲಬುರಗಿ, ಬೀದರ್ ಕಡೆಯ ಹಳ್ಳಿಗಳಲ್ಲಿ ಬಾನಾಮತಿಯ ಸುದ್ದಿ ಹೆಚ್ಚು. ಮನೆಯ ಮೇಲೆ ಕಲ್ಲು ಬೀಳುತ್ತದೆ, ಬಟ್ಟೆಗೆ ಬೆಂಕಿ ಹತ್ತುತ್ತದೆ, ಹೆಣ್ಣುಮಕ್ಕಳು ನಾಯಿಯಂತೆ ಬೊಗಳುತ್ತಾರೆ ಎನ್ನುತ್ತಾರೆ. ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ಇದರಲ್ಲಿ ಮಾಟವನ್ನಲ್ಲ, ಮನಸ್ಸಿನ ನೋವನ್ನು ಕಂಡರು. ಬಾಯಿಬಿಟ್ಟು ಹೇಳಲಾಗದ ಸಂಕಟ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ.

ಆದರೆ ಮಂತ್ರವಾದಿ ಆ ಸಂಕಟವೇನೆಂದು ಕೇಳುವುದಿಲ್ಲ. "ಯಾರು ಮಾಡಿಸಿದರು? ಹೆಸರು ಹೇಳು" ಎನ್ನುತ್ತಾನೆ. ಬಾಯಿಗೆ ಬರುವ ಹೆಸರು ಬಹುಪಾಲು ದಿಕ್ಕಿಲ್ಲದವರದು: ಒಂಟಿ ವಿಧವೆಯದು, ಹೊಲದ ಜಗಳದಲ್ಲಿ ಸೋತವರದು. ನೆರೆಯ ತೆಲಂಗಾಣದ ಮೆದಕ ಸೀಮೆಯಲ್ಲಿ ಮಂತ್ರ ಉಚ್ಚರಿಸಲಾಗದಿರಲೆಂದು ಆರೋಪಿಗಳ ಹಲ್ಲನ್ನೇ ಕಿತ್ತದ್ದುಂಟು.

ಇದು ಹಿಂದುಳಿದ ಸೀಮೆಯ ರೋಗವೆಂದು ನಗುವವರು ಸ್ಕಾಟ್ಲೆಂಡಿನ ಚರಿತ್ರೆ ಓದಬೇಕು. ಅಲ್ಲಿ 1563ರಿಂದ 1736ರವರೆಗೆ ಮಾಟಗಾತಿತನಕ್ಕೆ ಮರಣದಂಡನೆಯ ಕಾನೂನಿತ್ತು. ಸುಮಾರು 3,800 ಜನ ಆರೋಪಕ್ಕೆ ಗುರಿಯಾದರು. ಐವರಲ್ಲಿ ನಾಲ್ವರಿಗಿಂತ ಹೆಚ್ಚು ಹೆಂಗಸರು.

ಅವರಲ್ಲೊಬ್ಬಳು ಟಾರಿಬರ್ನ್ ಎಂಬ ಕಡಲೂರಿನ ಲಿಲಿಯಸ್ ಆಡೀ. 1704ರಲ್ಲಿ ನೆರೆಯವಳೊಬ್ಬಳು ತನ್ನ ಕಾಯಿಲೆಗೆ ಇವಳೇ ಕಾರಣವೆಂದಳು. ಸೆರೆಯಲ್ಲಿ ವಿಚಾರಣೆಗೆ ಬಂದ ಚರ್ಚಿನವರು ಅವಳಿಂದ ತಪ್ಪೊಪ್ಪಿಗೆ ಪಡೆದರು. ಆಮೇಲೆ ಸಂಗಡಿಗರ ಹೆಸರು ಕೇಳಿದರು. ಉಳಿದವರು ಮುಖ ಮುಚ್ಚಿಕೊಂಡಿದ್ದರು, ಗುರುತು ಸಿಗಲಿಲ್ಲ ಎಂದಳು ಆ ಮುದುಕಿ. ಆ ಒಂದು ಮಾತಿನಿಂದ ಎಷ್ಟು ಮನೆಗಳು ಉಳಿದವೋ! ಶಿಕ್ಷೆಗೆ ಮೊದಲೇ ಸೆರೆಯಲ್ಲಿ ಸತ್ತಳು. ಎದ್ದು ಬಂದಾಳೆಂಬ ಭಯಕ್ಕೆ ಅವಳನ್ನು ಕಡಲತಡಿಯ ಕೆಸರಿನಲ್ಲಿ ಹೂತು, ಮೇಲೆ ದೊಡ್ಡ ಬಂಡೆ ಹೇರಿದರು. 2017ರಲ್ಲಿ ಡಂಡೀ ವಿಶ್ವವಿದ್ಯಾಲಯದ ತಜ್ಞರು ಅವಳ ತಲೆಬುರುಡೆಯ ಹಳೆಯ ಚಿತ್ರಗಳಿಂದ ಮುಖವನ್ನು ಮರುರೂಪಿಸಿದರು. ಕಂಡದ್ದು ಸಾಮಾನ್ಯ ಅಜ್ಜಿಯೊಬ್ಬಳ ಮುಖ.

ಅದೇ 2017ರಲ್ಲಿ ನಮ್ಮ ವಿಧಾನಮಂಡಲ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ ಮಸೂದೆಯನ್ನು ಅಂಗೀಕರಿಸಿತು. 2020ರ ಜನವರಿಯಲ್ಲಿ ಕಾಯ್ದೆ ಜಾರಿಗೆ ಬಂತು. ಒಳ್ಳೆಯದೇ. ಆದರೆ ಕಾಯ್ದೆ ಬರುವುದು ಹಲ್ಲು ಮುರಿದ ಮೇಲೆ. ಅದಕ್ಕೂ ಮೊದಲು, ಮನೆಯ ಮಗು ಜ್ವರದಲ್ಲಿ ನರಳುವಾಗ, ಪಕ್ಕದ ಮನೆಯ ಮುದುಕಿಯ ಹೆಸರು ನಮ್ಮ ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ಅಲ್ಲೇ ನುಂಗಿಕೊಳ್ಳಬೇಕಾದವರು ನಾವೇ.